ಗ್ರೆನ್ಸ್‌ಫೋರ್ಸ್‌ನ ಚಿಕ್ಕ ಕೊಡಲಿ: ಎರಡು ಚಳಿಗಾಲ ಬಳಸಿದ ಮೇಲೆ

ಹೋದ ಅಕ್ಟೋಬರಿನ ಒಂದು ಶನಿವಾರ. ಸ್ವೀಡನ್ನಿನ ಯೆವ್ಲೆ ಊರಾಚೆಯ ಕಾಡಿನಲ್ಲಿ, ಮೂರು ದಿನದ ಜಿಟಿಜಿಟಿ ಮಳೆಗೆ ನೆನೆದ ಸೌದೆ ಮುಂದಿಟ್ಟುಕೊಂಡು ಕೂತಿದ್ದೆವು. ಮಕ್ಕಳಿಬ್ಬರೂ ನಡುಗುತ್ತಿದ್ದರು. ನಮ್ಮೆಜಮಾನರ ಕೈಯ ಬೆಂಕಿಪೊಟ್ಟಣದಲ್ಲಿ ನಾಲ್ಕೇ ಕಡ್ಡಿ ಉಳಿದಿದ್ದವು. ಚೀಲದಿಂದ ಚಿಕ್ಕ ಕೊಡಲಿ ತೆಗೆದು ತೋಳು ದಪ್ಪದ ಒಂದು ಪೈನ್ ತುಂಡನ್ನು ನಾಲ್ಕು ಸೀಳು ಮಾಡಿದೆ. ಹೊರಗೆ ಕಪ್ಪಗೆ ನೀರಿಳಿಯುತ್ತಿದ್ದ ಕಟ್ಟಿಗೆಯ ಹೊಟ್ಟೆ ಬೆಳ್ಳಗೆ, ಬೆಣ್ಣೆ ಬಣ್ಣಕ್ಕಿತ್ತು. ಮುಟ್ಟಿದರೆ ಒಣ ಒಣ. ಅರ್ಧ ಗಂಟೆಯಲ್ಲಿ ಕಾಫಿಗೆ ನೀರು ಕುದಿಯಿತು.

ಸಾಗರದ ಕಡೆಯ ನಮ್ಮ ಮನೆಯಲ್ಲಿ ಮಳೆಗಾಲವಿಡೀ ಬಚ್ಚಲ ಹಂಡೆಗೆ ಬೆಂಕಿ ಹಾಕುವ ಕೆಲಸ ನನ್ನದು. “ನೆಂದ ಸೌದೆ ಬೇರೆ, ಹಸಿ ಸೌದೆ ಬೇರೆ ಮಗಾ. ನೆಂದದ್ದಾದ್ರೆ ಸೀಳು, ಒಳಗೆ ಒಣಗಿರ್ತದೆ” ಅಂತಿದ್ದರು ಅಜ್ಜಿ. ಆ ಮಾತಿಗೆ ಇಲ್ಲಿ ಸಿಕ್ಕ ಸರಿಯಾದ ಜೊತೆ ಈ ಕೊಡಲಿ.

ಇದು ಗ್ರೆನ್ಸ್‌ಫೋರ್ಸ್ ಬ್ರೂಕ್‌ನವರ ‘ವೈಲ್ಡ್‌ಲೈಫ್ ಹ್ಯಾಚೆಟ್’. 1902ರಿಂದ ಹೆಲ್ಸಿಂಗ್‌ಲಾಂಡ್ ಸೀಮೆಯ ಒಂದು ಪುಟ್ಟ ಹಳ್ಳಿಯಲ್ಲಿ ಕೊಡಲಿ ಮಾಡುತ್ತಿರುವ ಕುಲುಮೆ ಅವರದು. ಕಾವು, ಅಂದರೆ ಹಿಡಿ, ಸುಮಾರು 34 ಸೆಂಟಿಮೀಟರ್, ಹಿಕ್ಕರಿ ಮರದ್ದು. ಒಟ್ಟು ತೂಕ 600 ಗ್ರಾಂ ಆಸುಪಾಸು. ಕೊಡಲಿಯ ತಲೆಯ ಮೇಲೆ, ಅದನ್ನು ಬಡಿದು ಮಾಡಿದ ಕಮ್ಮಾರನ ಹೆಸರಿನ ಮೊದಲಕ್ಷರಗಳನ್ನು ಒತ್ತಿರುತ್ತಾರೆ. ಸುತ್ತಿಗೆಯ ಪೆಟ್ಟಿನ ಗುರುತನ್ನೂ ಉಜ್ಜಿ ಅಳಿಸಿಲ್ಲ. ಮೊದಲ ಸಲ ಕೈಗೆತ್ತಿಕೊಂಡಾಗ ಆ ಎರಡು ಅಕ್ಷರಗಳ ಮೇಲೆ ಹೆಬ್ಬೆರಳಾಡಿಸುತ್ತ ಬಹಳ ಹೊತ್ತು ನಿಂತಿದ್ದೆ. ನಮ್ಮೂರ ಆಚಾರ್ರ ಕುಲುಮೆಯಿಂದ ಬಂದ ಕತ್ತಿಯ ಮೇಲೆ ಹೆಸರಿರುತ್ತಿರಲಿಲ್ಲ, ಆದರೆ ಅದು ಯಾರ ಕೈಕೆಲಸ ಅಂತ ಊರಿಗೆಲ್ಲ ಗೊತ್ತಿರುತ್ತಿತ್ತು.

ಇದಕ್ಕೂ ಮುಂಚೆ ಇಲ್ಲಿನ ಒಂದು ದೊಡ್ಡ ಅಂಗಡಿಯಿಂದ ಅಗ್ಗದ ಕೊಡಲಿ ತಂದಿದ್ದೆ. ಚಳಿಗಾಲದಲ್ಲಿ ಮನೆಯೊಳಗಿನ ಒಣ ಗಾಳಿಗೆ ಅದರ ಕಾವು ಕುಗ್ಗಿ ತಲೆ ಅಲ್ಲಾಡತೊಡಗಿತು. ಊರಲ್ಲಿ ಮಾಡುವ ಹಾಗೆ ರಾತ್ರಿಯಿಡೀ ಬಕೆಟ್ ನೀರಿನಲ್ಲಿ ನೆನೆಹಾಕಿದೆ. ಎರಡು ದಿನ ಬಿಗಿಯಾಗಿತ್ತು. ನೀರು ಆರಿದ ಮೇಲೆ ಮೊದಲಿಗಿಂತ ಸಡಿಲವಾಗಿ, ಬೀಸಿದಾಗ ತಲೆ ಕಳಚಿ ಹಾರಿ ಹೋಯಿತು. ಹತ್ತಿರ ಮಕ್ಕಳಿರಲಿಲ್ಲ, ಪುಣ್ಯ. ಈಗಿನದಕ್ಕೆ ವರ್ಷಕ್ಕೆರಡು ಸಲ ಅಗಸೆ ಎಣ್ಣೆ ಸವರುತ್ತೇನೆ, ಹೀಟರಿನಿಂದ ದೂರ ಇಡುತ್ತೇನೆ. ಎರಡು ಚಳಿಗಾಲ ಕಳೆದರೂ ಕೂದಲೆಳೆಯಷ್ಟೂ ಅಲ್ಲಾಡಿಲ್ಲ.

ಚಿಕ್ಕ ಕೊಡಲಿಯನ್ನು ದೊಡ್ಡದರಂತೆ ತಲೆಯ ಮೇಲೆತ್ತಿ ಬೀಸಬಾರದು. ನಾನು ಮಂಡಿಯೂರಿ ಕೂರುತ್ತೇನೆ; ಗುರಿ ತಪ್ಪಿದರೂ ಪೆಟ್ಟು ನೆಲಕ್ಕೆ, ಕಾಲಿಗಲ್ಲ. ಕಟ್ಟಿಗೆಯ ತುದಿಗೆ ಕೊಡಲಿಯ ಬಾಯಿ ತಾಗಿಸಿ, ಎರಡನ್ನೂ ಒಟ್ಟಿಗೆ ಎತ್ತಿ ಕೊರಡಿನ ಮೇಲೆ ಕುಟ್ಟುತ್ತೇನೆ. ಬಾಯಿ ಒಳಹೊಕ್ಕ ಮೇಲೆ ಮಣಿಕಟ್ಟು ಸ್ವಲ್ಪ ತಿರುಚಿದರೆ ಸಾಕು, ಸೌದೆ ಚಟ್ಟೆಂದು ಎರಡಾಗುತ್ತದೆ. ದಪ್ಪ ತುಂಡಾದರೆ ಕೊಡಲಿಯ ಬೆನ್ನಿಗೆ ಇನ್ನೊಂದು ಕಟ್ಟಿಗೆಯಿಂದಲೇ ಬಡಿಯಬೇಕು, ಕಬ್ಬಿಣದ ಸುತ್ತಿಗೆಯಿಂದ ಬೇಡವೇ ಬೇಡ.

ನನಗೆ ಎಲ್ಲಕ್ಕಿಂತ ಇಷ್ಟದ ಕೆಲಸ ಆಮೇಲಿನದು. ಕಾವನ್ನು ತಲೆಯ ಬುಡದಲ್ಲೇ ಹಿಡಿದು, ಒಣ ಸೀಳಿನ ಅಂಚನ್ನು ಮೇಲಿನಿಂದ ಕೆಳಕ್ಕೆ ಹೆರೆಯುವುದು. ತೆಳ್ಳನೆಯ ಸುರುಳಿ ಎದ್ದು ಬುಡದಲ್ಲಿ ಅಂಟಿಕೊಂಡೇ ನಿಲ್ಲುತ್ತದೆ. ಇಪ್ಪತ್ತು ಮೂವತ್ತು ಎಳೆ ಆಗುವಷ್ಟರಲ್ಲಿ ಸೀಳು ಗರಿ ಕೆದರಿದ ಹಕ್ಕಿಯ ಹಾಗೆ ಕಾಣುತ್ತದೆ. ಅದರಡಿ ಬರ್ಚ್ ತೊಗಟೆಯ ಚೂರಿಟ್ಟರೆ ಒಂದೇ ಕಡ್ಡಿ ಸಾಕು. ಆ ತೊಗಟೆಯಲ್ಲಿ ಎಣ್ಣೆಯಂಶ ಎಷ್ಟಿದೆಯೆಂದರೆ ನೆಂದಿದ್ದರೂ ಕಪ್ಪು ಹೊಗೆ ಬಿಡುತ್ತ ಉರಿಯುತ್ತದೆ. ಆದರೆ ಅದನ್ನು ಸೌದೆಯಿಂದ ಮಾತ್ರ ಸುಲಿಯಿರಿ. ಇಲ್ಲಿ ಎಲ್ಲರಿಗೂ ಕಾಡಿನಲ್ಲಿ ಓಡಾಡುವ ಹಕ್ಕಿದೆ ನಿಜ, ಜೀವಂತ ಮರದ ತೊಗಟೆಗೋ ಕೊಂಬೆಗೋ ಕೈ ಹಾಕುವ ಹಕ್ಕಿಲ್ಲ. ಬೇಸಿಗೆಯಲ್ಲಿ ಬೆಂಕಿ ನಿಷೇಧ ಇದೆಯೇ ಅಂತ ನೋಡಿಯೇ ಹೊರಡಿ. 2018ರಲ್ಲಿ ಇದೇ ಹೆಲ್ಸಿಂಗ್‌ಲಾಂಡಿನ ಲ್ಯೂಸ್‌ದಾಲ್ ಕಡೆ ಸಾವಿರಾರು ಹೆಕ್ಟೇರ್ ಕಾಡು ಸುಟ್ಟುಹೋಗಿದೆ.

ಕಡು ಚಳಿಯಲ್ಲಿ ಉಕ್ಕು ಪೆಡಸಾಗುತ್ತದೆ, ಬಾಯಿ ಸಿಡಿಯಬಹುದು. ಅದಕ್ಕೇ ಕೆಲಸಕ್ಕೆ ಮುಂಚೆ ಒರೆ ಸಮೇತ ಐದು ನಿಮಿಷ ಜಾಕೆಟ್ಟಿನೊಳಗೆ ಇಟ್ಟುಕೊಂಡು ಬೆಚ್ಚಗೆ ಮಾಡುತ್ತೇನೆ.

ಬೆಲೆ ಕಡಿಮೆಯೇನಲ್ಲ, ಒಂದೂವರೆ ಸಾವಿರ ಕ್ರೋನರ್ ಹತ್ತಿರ ಕೊಟ್ಟೆ. ವರ್ಷಕ್ಕೊಮ್ಮೆ ಕಾಡಿಗೆ ಹೋಗುವವರಿಗೆ ಬೇಡ. ಮನೆಯ ಒಲೆಗೆ ದಪ್ಪ ದಿಮ್ಮಿ ಒಡೆಯುವವರಿಗೂ ಬೇಡ, ಅದಕ್ಕೆ ಉದ್ದ ಕಾವಿನ ಭಾರದ ಕೊಡಲಿಯೇ ಸರಿ. ವಾರಕ್ಕೊಮ್ಮೆಯಾದರೂ ಬೆಂಕಿ ಹಾಕುವವರು ಕಣ್ಣುಮುಚ್ಚಿ ಕೊಳ್ಳಬಹುದು.

ವಿಡಿಯೋ ಕಾಲಿನಲ್ಲಿ ಅಪ್ಪನಿಗೆ ತೋರಿಸಿದೆ. ಬಾಯಿಯನ್ನು ಕ್ಯಾಮೆರಾದ ಹತ್ತಿರ ಹಿಡಿಯಲು ಹೇಳಿ, ಕನ್ನಡಕ ಏರಿಸಿ ನೋಡಿದರು. “ಬಾಯಿ ಬಹಳ ತೆಳು ಮಾರಾಯ್ತಿ. ನಮ್ಮ ಮತ್ತಿ ಮರಕ್ಕೆ ಇದು ಸಲ್ಲ. ನಿಮ್ಮ ಮೆದು ಮರಕ್ಕೆ ಹೇಳಿ ಮಾಡಿಸಿದ್ದು,” ಎಂದರು. ಸ್ವಲ್ಪ ಸುಮ್ಮನಿದ್ದು ಮತ್ತೆ ಕೇಳಿದರು: “ಅಡಿಕೆ ದಬ್ಬೆ ಸೀಳಲು ಆದೀತೇನೋ, ಬರುವಾಗ ತರ್ತೀಯಾ?” ಮೇ ತಿಂಗಳಿಗೆ ಟಿಕೆಟ್ ಆಗಿದೆ, ಲಗೇಜಿನಲ್ಲಿ ಹಾಕಿ ಒಯ್ಯುತ್ತೇನೆ.