ಡೆಬಿಯನ್, ಉಬುಂಟು, ಮಿಂಟ್: ನಿಮ್ಮ ಲ್ಯಾಪ್‌ಟಾಪಿಗೆ ಯಾವುದು ಹೊಂದುತ್ತದೆ?

ಮೂರೂ ಲಿನಕ್ಸ್ ಆಪರೇಟಿಂಗ್ ಸಿಸ್ಟಂಗಳು, ಒಂದೇ ಕುಟುಂಬದವು. ವೈಫೈ, ಸೌಂಡ್, ಗ್ರಾಫಿಕ್ಸ್ ನಡೆಯುವುದು ಹೆಸರಿನಿಂದಲ್ಲ, ಕರ್ನಲ್ (ಸಿಸ್ಟಂನ ತಿರುಳು) ಮತ್ತು ಫರ್ಮ್‌ವೇರ್‌ನಿಂದ (ಚಿಪ್‌ಗೆ ಬೇಕಾದ ಪುಟ್ಟ ತಂತ್ರಾಂಶ). ಮಿಂಟ್ 22 ನಿಂತಿರುವುದು ಉಬುಂಟು 24.04ರ ಮೇಲೆ, ಎರಡೂ ಬಂದದ್ದು 6.8 ಕರ್ನಲ್‌ನೊಂದಿಗೆ. ಒಂದರಲ್ಲಿ ನಡೆದದ್ದು ಇನ್ನೊಂದರಲ್ಲೂ ಬಹುಮಟ್ಟಿಗೆ ನಡೆಯುತ್ತದೆ. ಡೆಬಿಯನ್ 12ರದ್ದು 6.1; ತೀರಾ ಹೊಸ ಚಿಪ್‌ಗಳು ಅದಕ್ಕೆ ಗೊತ್ತಿರಲಿಕ್ಕಿಲ್ಲ.

ಮಂಗಳೂರಿನ ಹಂಪನಕಟ್ಟೆಯಲ್ಲೋ ಮಣಿಪಾಲದಲ್ಲೋ ಸೆಕೆಂಡ್‌ಹ್ಯಾಂಡ್ ಲ್ಯಾಪ್‌ಟಾಪ್ ನೋಡಲು ಹೋಗುವಾಗ 16 ಜಿಬಿ ಪೆನ್‌ಡ್ರೈವ್‌ನಲ್ಲಿ ಲೈವ್ ಇಮೇಜ್ (ಇನ್‌ಸ್ಟಾಲ್ ಮಾಡದೆಯೇ ಓಡುವ ಪ್ರತಿ) ಒಯ್ಯಿರಿ, ಅದರಿಂದ ಲ್ಯಾಪ್‌ಟಾಪ್ ಶುರು ಮಾಡಿ. ಟರ್ಮಿನಲ್‌ನಲ್ಲಿ (ಆದೇಶ ಟೈಪ್ ಮಾಡುವ ಕಿಟಕಿ) ‘lspci -nnk’ ಕೊಡಿ. ನೆಟ್‌ವರ್ಕ್ ಸಾಲಿನ ಕೆಳಗೆ ‘Kernel driver in use’ ಇಲ್ಲದಿದ್ದರೆ ಆ ಚಿಪ್ ನಡೆಸುವ ಡ್ರೈವರ್ ಕೂತಿಲ್ಲ. ಮುಚ್ಚಳ ಮುಚ್ಚಿ ತೆರೆದು, ಲ್ಯಾಪ್‌ಟಾಪ್ ಮಲಗಿ ಸರಿಯಾಗಿ ಏಳುತ್ತದೆಯೇ ಎಂದೂ ನೋಡಿ. ಇದನ್ನೇ ಹೆಚ್ಚಿನವರು ಮರೆಯುತ್ತಾರೆ.

ಬ್ರಾಡ್‌ಕಾಮ್ ಕಂಪನಿಯ ಹಳೆಯ ವೈಫೈ ಚಿಪ್ ಇದ್ದರೆ ಮಿಂಟ್ ಸುಲಭ: ಡ್ರೈವರ್ ಮ್ಯಾನೇಜರ್‌ನಲ್ಲೇ ಮುಗಿಯುತ್ತದೆ. ಡೆಬಿಯನ್ 12ರ ಇನ್‌ಸ್ಟಾಲರ್‌ನಲ್ಲಿ ಫರ್ಮ್‌ವೇರ್ ಇದೆ, ಆದರೆ ಬ್ರಾಡ್‌ಕಾಮ್‌ನ ‘wl’ ಡ್ರೈವರ್‌ಗೆ ಸಾಫ್ಟ್‌ವೇರ್ ಮೂಲಗಳ ಪಟ್ಟಿಯಲ್ಲಿ ನಾನ್-ಫ್ರೀ (ಮುಕ್ತವಲ್ಲದ ತಂತ್ರಾಂಶಗಳ) ವಿಭಾಗ ಸೇರಿಸಲೇಬೇಕು. ಅಷ್ಟು ಹೊತ್ತು ಇಂಟರ್ನೆಟ್ಟಿಗೆ ಮೊಬೈಲಿನ ಯುಎಸ್‌ಬಿ ಟೆದರಿಂಗ್ ಸಾಕು. ಸೆಕ್ಯೂರ್ ಬೂಟ್ (ಡಿಜಿಟಲ್ ಸಹಿ ನೋಡಿಯೇ ಒಳಬಿಡುವ ವ್ಯವಸ್ಥೆ) ಆನ್ ಇದ್ದರೆ ಸಹಿಯಿಲ್ಲದ ಡ್ರೈವರ್ ಮಾಡ್ಯೂಲ್ ಲೋಡ್ ಆಗದು.

ಈಚಿನ ಲ್ಯಾಪ್‌ಟಾಪಿಗೆ ಉಬುಂಟು, ಹಳೆಯದಕ್ಕೆ ಮಿಂಟ್. ವರ್ಷಗಟ್ಟಲೆ ಅಲುಗಾಡದೆ ಓಡಬೇಕಾದ ಅಂಗಡಿ ಕಂಪ್ಯೂಟರಿಗೆ ಡೆಬಿಯನ್.