ಫೈಬ್ರೊಮಯಾಲ್ಜಿಯಾ ನೋವಿಗೆ ನಡಿಗೆ, ಲಕ್ಕಿ ಸೊಪ್ಪಿನ ನೀರು, ಯೋಗ, ಅಲಾರಂ: ನನಗೆ ಯಾವುದು ಎಷ್ಟು ಕೆಲಸಕ್ಕೆ ಬಂತು

ನಮ್ಮ ಅಡುಗೆಮನೆ ಬಾಗಿಲ ಹಿಂದೆ ನೇತು ಹಾಕಿರುವ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಜೊತೆ ಇನ್ನೊಂದು ಲೆಕ್ಕವೂ ಇದೆ. ಪ್ರತಿ ತಾರೀಖಿನ ಕೆಳಗೆ ಎರಡು ಅಂಕಿ. ಮೊದಲನೆಯದು ರಾತ್ರಿ ಮಲಗುವಾಗಿನ ನೋವು. ಎರಡನೆಯದು ಮಾರನೇ ಬೆಳಗ್ಗೆ ಎದ್ದಾಗಿನ ಸುಸ್ತು. 0 ಅಂದರೆ ಏನೂ ಇಲ್ಲ, 10 ಅಂದರೆ ಹಾಸಿಗೆಯಿಂದ ಏಳುವುದಕ್ಕೇ ಆಗಲಿಲ್ಲ. ಎರಡು ವರ್ಷದಿಂದ ಬರೆಯುತ್ತಿದ್ದೇನೆ. ಯಾವುದು ಒಳ್ಳೆಯದು, ಯಾವುದು ಬೇಡ ಅಂತ ಇಲ್ಲಿ ಹೇಳುವುದೆಲ್ಲ ಆ ಅಂಕಿಗಳನ್ನು ನೋಡಿಕೊಂಡೇ.

ತುಮಕೂರಿನ ಎಸ್.ಎಸ್.ಪುರಂನಲ್ಲಿ ಮನೆಯಲ್ಲೇ ಹೊಲಿಗೆ ಕೆಲಸ ಮಾಡುತ್ತೇನೆ. ಬ್ಲೌಸು, ಚೂಡಿದಾರ, ಸೀರೆಗೆ ಫಾಲ್ ಮತ್ತು ಪಿಕೋ. ವಯಸ್ಸು 47. ನೋವು ಶುರುವಾಗಿದ್ದು ಹೆಗಲಿನಲ್ಲಿ. ಹೊಲಿಯುವವರಿಗೆ ಹೆಗಲು ನೋವು ಇದ್ದದ್ದೇ ಅಲ್ವಾ ಅಂತ ಸುಮ್ನೆ ಇದ್ದೆ. ಆಮೇಲೆ ಕತ್ತು, ಸೊಂಟ, ತೊಡೆ, ಮೊಣಕೈ. ಒಂದು ದಿನ ಇಲ್ಲಿ, ಇನ್ನೊಂದು ದಿನ ಅಲ್ಲಿ. ಎಂಟು ಗಂಟೆ ಮಲಗಿ ಎದ್ದರೂ ರಾತ್ರಿಯೆಲ್ಲ ಕಲ್ಲು ಹೊತ್ತ ಹಾಗಿರುತ್ತಿತ್ತು. ಅಳತೆ ತೆಗೆದು ಟೇಪು ಕೆಳಗಿಡುವಷ್ಟರಲ್ಲಿ ತೋಳು ಎಷ್ಟು ಇಂಚು ಅನ್ನುವುದೇ ಮರೆತುಹೋಗುತ್ತಿತ್ತು.

ರಕ್ತ ಪರೀಕ್ಷೆಯೆಲ್ಲ ಆಯಿತು. ಥೈರಾಯ್ಡ್ ಸರಿ, ಮೈಯಲ್ಲಿ ಉರಿಯೂತ ಇದ್ಯಾ ಅಂತ ನೋಡುವ ಇ.ಎಸ್.ಆರ್. ಸರಿ, ಸಂಧಿವಾತದ ಪರೀಕ್ಷೆಯೂ ಸರಿ. ವಿಟಮಿನ್ ಡಿ ಕಡಿಮೆ ಇತ್ತು. ಮಾತ್ರೆ ತಗೊಂಡ ಮೇಲೆ ಅದೂ ಸರಿಹೋಯಿತು. ನೋವು ಮಾತ್ರ ಹೋಗಲಿಲ್ಲ. ಒಂದು ಕಡೆ ಡಾಕ್ಟರು ರಿಪೋರ್ಟು ಮಡಚಿ ಕೊಟ್ಟು, "ಏನೂ ಇಲ್ಲಮ್ಮ, ಸುಮ್ನೆ ಮನಸ್ಸಿಗೆ ಹಚ್ಚಿಕೊಂಡಿದ್ದೀರಿ" ಅಂದರು. ಬಸ್ ಸ್ಟ್ಯಾಂಡಿನವರೆಗೂ ಅಳುತ್ತಾ ಬಂದೆ. ಮನೆಯಲ್ಲಿ ಅತ್ತೆಯೂ, "ರಿಪೋರ್ಟೆಲ್ಲ ಸರಿ ಇದ್ಯಲ್ಲಮ್ಮ, ಮತ್ತೆ ನೋವು ಎಲ್ಲಿಂದ ಬರುತ್ತೆ?" ಅಂತ ಕೇಳಿದರು. ಅವರು ಬೈದಿದ್ದಲ್ಲ, ನಿಜವಾಗಿಯೂ ಅರ್ಥವಾಗದೆ ಕೇಳಿದ್ದು. ನನಗೂ ಅರ್ಥವಾಗಿರಲಿಲ್ಲ.

ಕೊನೆಗೆ ಬೆಂಗಳೂರಿನಲ್ಲಿ ಒಬ್ಬ ರುಮಟಾಲಜಿ (ಕೀಲು, ಮಾಂಸಖಂಡದ ಕಾಯಿಲೆ ನೋಡುವ) ಡಾಕ್ಟರು ಕಾಯಿಲೆಯ ಹೆಸರು ಹೇಳಿದರು. 1990ರ ನಿಯಮದ ಪ್ರಕಾರ ಮೈಯ 18 ಜಾಗ ಒತ್ತಿ ನೋಡಿ, ಕನಿಷ್ಠ 11 ಕಡೆ ನೋವಿದ್ದರೆ ಫೈಬ್ರೊಮಯಾಲ್ಜಿಯಾ ಅನ್ನುತ್ತಿದ್ದರಂತೆ. 2010ರಲ್ಲಿ ಅದು ಬದಲಾಯಿತು. ಈಗ ಮೈಯ ಎಷ್ಟು ಭಾಗ ನೋಯುತ್ತದೆ, ನಿದ್ದೆ ಹೇಗಿದೆ, ಸುಸ್ತು, ಮರೆವು ಎಷ್ಟು, 3 ತಿಂಗಳಿಗಿಂತ ಜಾಸ್ತಿ ಆಯಿತಾ ಅಂತ ಕೇಳುತ್ತಾರೆ. ಕೀಲು ಸವೆದಿರುವುದಿಲ್ಲ, ಮಾಂಸಖಂಡ ಹರಿದಿರುವುದಿಲ್ಲ. ನೋವಿನ ಸುದ್ದಿ ಹೊರುವ ನರ ಮತ್ತು ಮಿದುಳು ಚಿಕ್ಕದನ್ನೂ ದೊಡ್ಡದು ಮಾಡಿ ತಿಳಿಯುತ್ತವೆ. ನನಗೆ ಅದು ಅರ್ಥವಾಗಿದ್ದು ಮಷೀನಿನ ಲೆಕ್ಕದಲ್ಲಿ. ದಾರದ ಟೆನ್ಷನ್ ಬಿಗಿಯಾದರೆ ಬಟ್ಟೆ ಚೆನ್ನಾಗಿದ್ದರೂ ಹೊಲಿಗೆ ಸುಕ್ಕಾಗುತ್ತದೆ. ಬಟ್ಟೆಯನ್ನು ಎಷ್ಟು ಇಸ್ತ್ರಿ ಮಾಡಿದರೂ ಸರಿಹೋಗುವುದಿಲ್ಲ.

ಹೆಸರು ಸಿಕ್ಕ ಮೇಲೆ ಎಲ್ಲರೂ ಒಂದೊಂದು ಉಪಾಯ ಹೇಳಿದರು. ಎಲ್ಲವನ್ನೂ ಒಟ್ಟಿಗೆ ಮಾಡಿದರೆ ಯಾವುದರಿಂದ ಏನಾಯಿತು ಅಂತ ಗೊತ್ತಾಗುವುದಿಲ್ಲ. ಅದಕ್ಕೆ ಒಂದು ಸಲಕ್ಕೆ ಒಂದೇ, ಹೆಚ್ಚಿನವಕ್ಕೆ 6 ವಾರ ಅಂತ ಇಟ್ಟುಕೊಂಡೆ. ಡಾಕ್ಟರು ಕೊಟ್ಟ ರಾತ್ರಿ ಮಾತ್ರೆ ಹಾಗೇ ನಡೆಯುತ್ತಿತ್ತು.

ಮೊದಲು ನಡಿಗೆ. ಪಕ್ಕದ ಮನೆ ಅಕ್ಕ ದಿನಾ ಅಮಾನಿಕೆರೆಗೆ ವಾಕಿಂಗ್ ಹೋಗುತ್ತಾರೆ. "ಬೆವರು ಬರೋ ಹಂಗೆ ನಡೀಬೇಕು ಕಣೇ, ಇಲ್ದಿದ್ರೆ ಏನು ಪ್ರಯೋಜನ?" ಅಂದರು. ಅವರ ಜೊತೆ ಹೋಗಿ 40 ನಿಮಿಷ ಬಿರುಸಾಗಿ ನಡೆದೆ. ಕೆರೆ ಮೇಲಿನ ಗಾಳಿಗೆ ಮೈ ಹಗುರವಾದ ಹಾಗಾಯಿತು. ಆ ರಾತ್ರಿ ನೋವು ಬರೀ 4. ಎಷ್ಟು ಖುಷಿಯಾಯಿತು ಅಂದರೆ ಯಜಮಾನರಿಗೆ ಫೋನ್ ಮಾಡಿ ಹೇಳಿದೆ. ಮಾರನೇ ಬೆಳಗ್ಗೆ ಸುಸ್ತು 8. ಮೂರನೇ ದಿನ ಚಪ್ಪಲಿ ಹಾಕಿಕೊಳ್ಳುವುದಕ್ಕೂ ಬಗ್ಗಲಾಗಲಿಲ್ಲ. ಸ್ವಲ್ಪ ಸುಧಾರಿಸಿದ ಮೇಲೆ ಮತ್ತೆ 40 ನಿಮಿಷ, ಮತ್ತೆ ಮಲಗಿದೆ. 6 ವಾರ ಅಂದರೆ 42 ದಿನ. ಅದರಲ್ಲಿ ನಡೆದಿದ್ದು 17 ದಿನ ಮಾತ್ರ.

ಆಮೇಲೆ ಡಾಕ್ಟರು ಹೇಳಿದ ನಡಿಗೆ. ಅದು ಕೇಳುವುದಕ್ಕೇ ಸಪ್ಪೆ. ದಿನಕ್ಕೆ 5 ನಿಮಿಷ, ಮನೆ ಮುಂದಿನ ರಸ್ತೆಯಲ್ಲೇ. ಮಾತಾಡುತ್ತಾ ನಡೆಯುವಷ್ಟು ನಿಧಾನ. ವಾರಕ್ಕೆ 2 ನಿಮಿಷ ಜಾಸ್ತಿ. ಮುಖ್ಯವಾದದ್ದು ಇದು: ಚೆನ್ನಾಗಿದೆ ಅನ್ನಿಸಿದ ದಿನವೂ ಅಷ್ಟೇ ನಡೆಯಬೇಕು, ಒಂದು ನಿಮಿಷವೂ ಜಾಸ್ತಿ ಇಲ್ಲ. ಕೆಟ್ಟ ದಿನ ಅರ್ಧ ನಡೆಯಬೇಕು, ಆದರೆ ಬಿಡಬಾರದು. ಆರನೇ ವಾರಕ್ಕೆ 15 ನಿಮಿಷ ಆಯಿತು. 42ರಲ್ಲಿ 38 ದಿನ ನಡೆದಿದ್ದೆ. ಬೆಳಗಿನ ಸುಸ್ತು ಹೆಚ್ಚಿನ ದಿನ 7 ಇದ್ದದ್ದು 5ಕ್ಕೆ ಬಂತು. ಈಗ 25 ನಿಮಿಷ ನಡೆಯುತ್ತೇನೆ, ಅಮಾನಿಕೆರೆಯಲ್ಲೇ. ಅಕ್ಕ ನನ್ನನ್ನು ದಾಟಿಕೊಂಡು ಎರಡು ಸಲ ಹೋಗುತ್ತಾರೆ. ಹೋಗಲಿ.

ಯುರೋಪಿನ ರುಮಟಾಲಜಿ ತಜ್ಞರ ಒಕ್ಕೂಟ 2016ರಲ್ಲಿ ಈ ಕಾಯಿಲೆಯ ಚಿಕಿತ್ಸೆಗಳನ್ನೆಲ್ಲ ತೂಗಿ ನೋಡಿತ್ತು. ಮಾತ್ರೆ ಮತ್ತು ಬೇರೆ ಉಪಾಯಗಳಲ್ಲಿ ಕೆಲವಕ್ಕೆ ಮಾತ್ರ ಮಿತವಾದ ಶಿಫಾರಸು ಕೊಟ್ಟು, ಗಟ್ಟಿಯಾಗಿ ಮಾಡಿ ಅಂತ ಹೇಳಿದ್ದು ವ್ಯಾಯಾಮ ಒಂದನ್ನೇ. ಇದನ್ನು ಯಾರಾದರೂ "ವ್ಯಾಯಾಮ ಮಾಡಿ" ಅಂತ ಎರಡೇ ಮಾತಲ್ಲಿ ಹೇಳಿ ಕಳಿಸಿದರೆ ನಮ್ಮಂಥವರಿಗೆ ಅನ್ಯಾಯವಾಗುತ್ತದೆ. ಎಷ್ಟರಿಂದ ಶುರು ಮಾಡಬೇಕು ಅನ್ನುವುದರಲ್ಲೇ ಎಲ್ಲ ಇದೆ. ಇಷ್ಟೆಲ್ಲ ಗೊತ್ತಿದ್ದೂ ಒಂದು ಸಲ ತಪ್ಪಿದ್ದೇನೆ. ಶಿವರಾತ್ರಿ ಜಾತ್ರೆಗೆ ಸಿದ್ಧಗಂಗೆಗೆ ಹೋದಾಗ ಮೈ ಚೆನ್ನಾಗಿತ್ತು. ಮಗಳ ಕೈ ಹಿಡಿದು ಬೆಟ್ಟದ ಮೆಟ್ಟಿಲು ಪೂರ್ತಿ ಹತ್ತಿಬಿಟ್ಟೆ. ದೇವರ ದರ್ಶನ ಆಯಿತು, ಮನಸ್ಸು ತುಂಬಿತು. ಆಮೇಲೆ ಐದು ದಿನ ಕ್ಯಾಲೆಂಡರಿನಲ್ಲಿ ಬರೀ 9, 9, 9, 8, 8.

ಕಾವಿನ ವಿಷಯದಲ್ಲಿ ಅತ್ತೆಯೇ ನನ್ನ ಗುರು. ಅವರ ಊರು ಗುಬ್ಬಿ ಕಡೆ. ಅಲ್ಲಿ ಬೇಲಿ ಸಾಲಿನಲ್ಲಿ ಲಕ್ಕಿ ಗಿಡ ಬೆಳೆದಿರುತ್ತದೆ. ಊರಿಗೆ ಹೋದಾಗಲೆಲ್ಲ ಒಂದು ಚೀಲ ಸೊಪ್ಪು ತರುತ್ತಾರೆ. ಹಂಡೆ ನೀರಿಗೆ ಹಾಕಿ ಕುದಿಸಿ, ಸಂಜೆ ಆ ನೀರನ್ನು ಹೆಗಲು, ಸೊಂಟದ ಮೇಲೆ ನಿಧಾನವಾಗಿ ಹುಯ್ಯುತ್ತಾರೆ. ಬಾಣಂತಿಗೆ ಎರೆಯುವ ಹಾಗೆ. ಆ ವಾಸನೆ ಮೂಗಿಗೆ ಬಿದ್ದರೆ ಸಾಕು, ಹೆಗಲು ತಾನಾಗಿ ಇಳಿಯುತ್ತದೆ. ಮೂರು ವಾರ ಹೀಗೆ ಮಾಡಿ, ಇನ್ನು ಮೂರು ವಾರ ಬರೀ ಬಿಸಿನೀರಲ್ಲಿ ಸ್ನಾನ ಮಾಡಿದೆ. ಅಂಕಿ ನೋಡಿದರೆ ಎರಡೂ ಒಂದೇ. ರಾತ್ರಿ ನೋವು ಎರಡು ಅಂಕಿ ಇಳಿಯುತ್ತದೆ, ನಿದ್ದೆ ಬೇಗ ಹತ್ತುತ್ತದೆ. ಬೆಳಗಿನ ಸುಸ್ತು ಮಾತ್ರ ಅಲ್ಲಾಡುವುದಿಲ್ಲ. ಅಂದರೆ ಕೆಲಸ ಮಾಡುವುದು ಕಾವು. ಆದರೂ ಸೊಪ್ಪು ಬಂದ ದಿನ ಸೊಪ್ಪಿನ ನೀರೇ ನನಗೆ ಬೇಕು. ನೋವನ್ನು ನಂಬದೆ ಇದ್ದವರು ತಮ್ಮ ಕೈಯಾರೆ ನೀರು ಹುಯ್ಯುವುದು ಬೇರೆಯೇ ಸಮಾಧಾನ.

ಎಪ್ಸಮ್ ಸಾಲ್ಟ್ ತಂದು ಕಾಲು ಅದ್ದಿಯೂ ನೋಡಿದೆ. ಬರೀ ಬಿಸಿನೀರಿಗಿಂತ ಜಾಸ್ತಿ ಏನೂ ಆಗಲಿಲ್ಲ. ಅದಕ್ಕಿಂತ ಕಲ್ಲುಪ್ಪು ಹುರಿದು ಬಟ್ಟೆಯಲ್ಲಿ ಗಂಟು ಕಟ್ಟಿ ಶಾಖ ಕೊಟ್ಟರೆ ಕತ್ತಿಗೆ ಹಿತ. ಖರ್ಚೂ ಇಲ್ಲ, ಅದೇ ಉಪ್ಪನ್ನು ಎಷ್ಟೋ ಸಲ ಬಳಸಬಹುದು.

ಎಣ್ಣೆ ನೀವಿಸಿಕೊಳ್ಳುವವರು ಒಂದು ವಿಷಯ ನೆನಪಿಡಿ. ನನಗೆ ಒಬ್ಬರು ಗಂಟು ಬಿಡಿಸುತ್ತೇನೆ ಅಂತ ಹೆಬ್ಬೆರಳಿನಲ್ಲಿ ಒತ್ತಿ ಒತ್ತಿ ನೀವಿದರು. ನೋವಾದರೆ ತಾನೇ ವಾಸಿಯಾಗುವುದು ಅಂದರು. ಮಾರನೇ ದಿನ ಸೀರೆಯ ಅಂಚು ತಗುಲಿದರೂ ಉರಿ. ಈ ಕಾಯಿಲೆಯಲ್ಲಿ ಚರ್ಮವೂ ಸೂಕ್ಷ್ಮವಾಗಿರುತ್ತದೆ. ಮಗಳು ಅಂಗೈಯಲ್ಲಿ ಮೆತ್ತಗೆ ಕೊಬ್ಬರಿ ಎಣ್ಣೆ ಸವರಿದರೆ ಹಿತವಾಗಿರುತ್ತದೆ. ಗಟ್ಟಿಯಾಗಿ ಒತ್ತುವುದು ಬೇಡವೇ ಬೇಡ.

ಯೋಗದಲ್ಲೂ ನಡಿಗೆಯ ಕಥೆಯೇ. ಬೆಳಗಿನ ಕ್ಲಾಸಿನಲ್ಲಿ 12 ಸೂರ್ಯ ನಮಸ್ಕಾರ ಮಾಡಿಸುತ್ತಿದ್ದರು. ಮೈ ಗಟ್ಟಿ ಇರುವವರಿಗೆ ಅದು ಒಳ್ಳೆಯದೇ. ನನಗೆ ಎರಡನೇ ವಾರಕ್ಕೇ ಮಣಿಕಟ್ಟು ಸೋತಿತು. ಮನೆಯಲ್ಲಿ ಮಾಡಿಕೊಂಡಿದ್ದು 15 ನಿಮಿಷದ್ದು. ಕುಳಿತು ಬೆರಳು, ಮಣಿಕಟ್ಟು, ಹೆಗಲು, ಪಾದ ತಿರುಗಿಸುವುದು, ಬಾಲಾಸನ, ಗೋಡೆಗೆ ಕಾಲು ಚಾಚಿ ಮಲಗುವುದು, ಕೊನೆಗೆ ಭ್ರಾಮರಿ. ಇದರಿಂದ ಬೆಳಗಿನ ಬಿಗಿತ ಬೇಗ ಬಿಡುತ್ತದೆ. ಮೊದಲು ಒಂದೂವರೆ ಗಂಟೆ ಬೇಕಿತ್ತು ಕೈ ಸಡಿಲವಾಗಿ ಕತ್ತರಿ ಹಿಡಿಯುವುದಕ್ಕೆ. ಈಗ ಅರ್ಧ ಗಂಟೆ. 2018ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಅಮೆರಿಕದ 226 ರೋಗಿಗಳ ಮೇಲಿನ ಒಂದು ಅಧ್ಯಯನ ಬಂದಿತ್ತು. ಚೀನಾದ ನಿಧಾನಗತಿಯ ವ್ಯಾಯಾಮ ತಾಯ್ ಚಿ, ಏರೋಬಿಕ್ ವ್ಯಾಯಾಮದಷ್ಟೇ ಅಥವಾ ಅದಕ್ಕಿಂತ ಜಾಸ್ತಿ ಗುಣ ಕೊಟ್ಟಿತು ಅಂತ ಅದರಲ್ಲಿತ್ತು. ಅದನ್ನು ಕಲಿಸುವವರು ನನಗೆ ಹತ್ತಿರದಲ್ಲಿ ಸಿಗಲಿಲ್ಲ. ಸಿಕ್ಕರೆ ಖಂಡಿತ ಹೋಗುತ್ತೇನೆ.

ಊಟದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಗೋಧಿ ಬಿಟ್ಟರೆ ನೋವು ಹೋಗುತ್ತದೆ ಅಂದರು. ಮುದ್ದೆ ಉಣ್ಣುವವರಿಗೆ ಗೋಧಿ ಬಿಡುವುದೇನು ಕಷ್ಟ? 6 ವಾರ ಬಿಟ್ಟೆ. ಅಂಕಿ ಕದಲಲಿಲ್ಲ. ಅರಿಸಿನದ ಹಾಲೂ ಅಷ್ಟೇ. ಕುಡಿಯುವುದಕ್ಕೆ ಹಿತ, ಲೆಕ್ಕದಲ್ಲಿ ಏನೂ ಕಾಣಲಿಲ್ಲ. ಅಶ್ವಗಂಧ ತಗೋ ಅಂತ ತುಂಬಾ ಜನ ಹೇಳಿದರು. ಡಾಕ್ಟರನ್ನು ಕೇಳಿದೆ. ಥೈರಾಯ್ಡ್ ಮೇಲೆ ಪರಿಣಾಮ ಆಗಬಹುದು, ಕೆಲವರಿಗೆ ಲಿವರ್ ತೊಂದರೆಯೂ ಬಂದಿದೆ ಅಂದರು. ಬಿಟ್ಟುಬಿಟ್ಟೆ. ಕೆಲಸಕ್ಕೆ ಬಂದಿದ್ದು ಒಂದೇ: ಮಧ್ಯಾಹ್ನದ ಮೇಲೆ ಕಾಫಿ ನಿಲ್ಲಿಸಿದ್ದು. ಸಂಜೆ ಐದರ ಕಾಫಿಯ ಶಕ್ತಿ ರಾತ್ರಿ ಹತ್ತಕ್ಕೂ ಮೈಯಲ್ಲಿ ಅರ್ಧದಷ್ಟು ಉಳಿದಿರುತ್ತದೆ. ಅದನ್ನು ಬಿಟ್ಟ ಎರಡನೇ ವಾರದಿಂದ ರಾತ್ರಿ ಮೂರು ಗಂಟೆಗೆ ಎಚ್ಚರವಾಗುವುದು ಕಡಿಮೆಯಾಯಿತು.

ಹಗಲು ನಿದ್ದೆಯನ್ನೂ ಎರಡು ತರ ನೋಡಿದೆ. ಊಟವಾದ ಮೇಲೆ ಎರಡು ಗಂಟೆ ಮಲಗಿದರೆ ಎದ್ದಾಗ ತಲೆ ಭಾರ, ರಾತ್ರಿ ನಿದ್ದೆ ಇಲ್ಲ. ಚಾಪೆ ಮೇಲೆ 20 ನಿಮಿಷ ಕಣ್ಣು ಮುಚ್ಚಿ ಎದ್ದರೆ ಸಂಜೆಯವರೆಗೆ ತಡೆಯುತ್ತದೆ.

ಮಾತ್ರೆ ಬಿಟ್ಟು ಬರೀ ನೈಸರ್ಗಿಕವಾಗಿ ನೋಡು ಅಂತ ಒಬ್ಬರು ಹೇಳಿದ್ದಕ್ಕೆ ಒಂದು ಸಲ ರಾತ್ರಿ ಮಾತ್ರೆಯನ್ನು ನಾನೇ ನಿಲ್ಲಿಸಿದೆ. ನಾಲ್ಕು ರಾತ್ರಿ ಕಣ್ಣು ಮುಚ್ಚಲಿಲ್ಲ. ದಯವಿಟ್ಟು ಯಾರೂ ಹಾಗೆ ಮಾಡಬೇಡಿ. ಕಡಿಮೆ ಮಾಡಬೇಕಿದ್ದರೆ ಡಾಕ್ಟರೇ ಸ್ವಲ್ಪ ಸ್ವಲ್ಪವಾಗಿ ಮಾಡಿಸುತ್ತಾರೆ. ನಡಿಗೆ, ನಿದ್ದೆ ಒಂದು ಹದಕ್ಕೆ ಬಂದ ಮೇಲೆ ನನಗೂ ಹಾಗೇ ಅರ್ಧ ಮಾಡಿದರು.

ಇಷ್ಟರಲ್ಲಿ ಎಲ್ಲಕ್ಕಿಂತ ಮೇಲೆ ನಾನು ಇಡುವುದು ಯಾರೂ ಔಷಧಿ ಅಂತ ಕರೆಯದ ಒಂದನ್ನು. ಮಷೀನಿನ ಪಕ್ಕ ಇಟ್ಟಿರುವ ಅಲಾರಂ ಗಡಿಯಾರ.

ಹೊಲಿಯುವವರಿಗೆ ಒಂದು ಅಭ್ಯಾಸ ಇರುತ್ತದೆ. ಕೈ ಓಡುತ್ತಿರುವಾಗ ಮುಗಿಸಿಬಿಡೋಣ ಅಂತ. ವರಮಹಾಲಕ್ಷ್ಮಿ, ಗೌರಿ ಹಬ್ಬ ಬಂತು ಅಂದರೆ ರಾತ್ರಿ ಒಂದು ಗಂಟೆಯವರೆಗೂ ಕೂತಿದ್ದೇನೆ. ಹಬ್ಬ ಮುಗಿದ ಮೇಲೆ ಹತ್ತು ದಿನ ಮಲಗಿದ್ದೇನೆ. ಎದ್ದ ಮೇಲೆ ಬಾಕಿ ಕೆಲಸವೆಲ್ಲ ಒಟ್ಟಿಗೆ, ಮತ್ತೆ ಮಲಗುವುದು. ಕ್ಯಾಲೆಂಡರ್ ಬರೆಯುವವರೆಗೆ ಇದೊಂದು ಚಕ್ರ ಅಂತ ನನಗೆ ಕಂಡಿರಲೇ ಇಲ್ಲ. ಕಾಯಿಲೆ ತಾನಾಗಿ ಬಂದು ತಾನಾಗಿ ಹೋಗುತ್ತದೆ ಅಂದುಕೊಂಡಿದ್ದೆ.

ಈಗ 25 ನಿಮಿಷಕ್ಕೆ ಅಲಾರಂ. ಹೊಡೆದ ಕೂಡಲೇ ಏಳಬೇಕು, ಸೂಜಿ ಅರ್ಧ ಸಾಲಿನಲ್ಲಿದ್ದರೂ. 10 ನಿಮಿಷ ಹಿತ್ತಿಲಲ್ಲಿ ಓಡಾಡುವುದು ಅಥವಾ ಮಲಗುವುದು. ನೋವು ಬಂದ ಮೇಲೆ ಏಳುವುದಲ್ಲ, ಬರುವ ಮೊದಲೇ ಏಳುವುದು. ಮೊದಲ ಎರಡು ವಾರ ತುಂಬಾ ಸಂಕಟವಾಯಿತು. ನೆಲದ ಮೇಲೆ ಬಗ್ಗಿ ಕತ್ತರಿಸುವುದನ್ನು ಬಿಟ್ಟು ಅಡುಗೆ ಕಟ್ಟೆಯ ಮೇಲೆ ನಿಂತು ಕಟಿಂಗ್ ಮಾಡಲು ಶುರು ಮಾಡಿದೆ. ಹೆಮ್ಮಿಂಗ್, ಹುಕ್ಸು, ಕಾಜ ಎದುರು ಮನೆ ಹುಡುಗಿಗೆ ಕೊಟ್ಟೆ. ಒಂದು ಬ್ಲೌಸಿಗೆ ಇಷ್ಟು ಅಂತ ಅವಳಿಗೆ ದುಡ್ಡು. ನನ್ನ ಸಂಪಾದನೆ ಕಡಿಮೆಯಾಯಿತು, ಅದು ನಿಜ. ಎಲ್ಲರ ಮನೆಯಲ್ಲೂ ಇದಕ್ಕೆ ಅವಕಾಶ ಇರುವುದಿಲ್ಲ ಅನ್ನುವುದೂ ಗೊತ್ತು. ಆದರೆ ಮಲಗಿದ ಹತ್ತು ದಿನದ ನಷ್ಟವನ್ನು ನಾನು ಹಿಂದೆ ಯಾವತ್ತೂ ಲೆಕ್ಕ ಹಾಕಿರಲಿಲ್ಲ.

ನಡಿಗೆಯಿಂದ 5ಕ್ಕೆ ಬಂದಿದ್ದ ಬೆಳಗಿನ ಸುಸ್ತು ಅಲಾರಂ ಬಂದ ಎರಡು ತಿಂಗಳಿಗೆ 4, ಕೆಲವು ದಿನ 3. ನೋವು ಅಷ್ಟು ಇಳಿದಿಲ್ಲ, ರಾತ್ರಿ 5ರ ಆಸುಪಾಸಿನಲ್ಲೇ ಇದೆ. ಆದರೆ ತೋಳಿನ ಅಳತೆ ಈಗ ನೆನಪಿರುತ್ತದೆ.

ಈ ಸಲ ಗೌರಿ ಹಬ್ಬಕ್ಕೆ ಬರೀ 18 ಬ್ಲೌಸು ಒಪ್ಪಿಕೊಂಡೆ. ಹೋದ ವರ್ಷ 40 ಇತ್ತು. ಇಲ್ಲ ಅಂದಾಗ ಒಬ್ಬರು ಬೇಜಾರಾಗಿ ಬೇರೆ ಕಡೆ ಕೊಟ್ಟರು. ಇನ್ನೊಬ್ಬರು "ಪರವಾಗಿಲ್ಲಕ್ಕ, ದೀಪಾವಳಿಗೆ ಕೊಡಿ" ಅಂದರು. ಹಬ್ಬದ ಹಿಂದಿನ ದಿನ ಇನ್ನೊಂದೇ ಒಂದು ತೋಳು ಬಾಕಿ ಇದೆ ಅಂತ ಅಲಾರಂ ಆರಿಸಿ ಕೂತಿದ್ದೆ. ಅಡುಗೆಮನೆಯಿಂದ ಅತ್ತೆ ಕೂಗಿದರು. "ಹೊಡೀತಲ್ಲಮ್ಮ, ಏಳು." ಎದ್ದೆ. ಹಬ್ಬದ ಮಾರನೇ ಬೆಳಗ್ಗೆ ಕ್ಯಾಲೆಂಡರಿನಲ್ಲಿ 5 ಬರೆದೆ. ಹೋದ ವರ್ಷದ ಕ್ಯಾಲೆಂಡರಿನಲ್ಲಿ ಗೌರಿ ಹಬ್ಬದ ಮಾರನೇ ದಿನ 10 ಇತ್ತು.