ಹ್ಯಾರಿಯೆಟ್ ದ ಸ್ಪೈ: ನೋಟ್‌ಬುಕ್ ಬೇರೆಯೋರ ಕೈಗೆ ಸಿಕ್ಕಾಗ

ಬರೆಯೋ ಹುಚ್ಚಿರೋ ಮಕ್ಕಳನ್ನ ಇಟ್ಕೊಂಡು ಬರೋ ಕಥೆಪುಸ್ತಕಗಳು ಹೆಚ್ಚುಕಮ್ಮಿ ಒಂದೇ ದಾರಿ ಹಿಡೀತವೆ. ನಾಚಿಕೆ ಸ್ವಭಾವದ ಹುಡುಗಿ ಕದ್ದುಮುಚ್ಚಿ ಬರೀತಾಳೆ, ಒಬ್ಬ ಒಳ್ಳೆ ಟೀಚರ್ ಕಣ್ಣಿಗೆ ಬೀಳ್ತಾಳೆ, ಕೊನೇಲಿ ಪ್ರೈಜ್, ಚಪ್ಪಾಳೆ, ಮುಗೀತು. ಓದೋವಾಗ ಖುಷಿಯಾಗಿರುತ್ತೆ, ಇಲ್ಲ ಅನ್ನಲ್ಲ, ಆದ್ರೆ ಪುಸ್ತಕ ಮುಚ್ಚಿದ್ಮೇಲೆ ಆ ಹುಡುಗಿ ಹೆಸರೂ ನೆನಪಲ್ಲಿ ಉಳಿಯಲ್ಲ. ಲೂಯೀಸ್ ಫಿಟ್ಝ್‌ಹ್ಯೂ ಬರೆದ ಹ್ಯಾರಿಯೆಟ್ ದ ಸ್ಪೈ ಬಂದಿದ್ದು 1964ರಲ್ಲಿ, ಇವತ್ತಿಗೂ ಈ ತರದ ಪುಸ್ತಕಗಳಲ್ಲಿ ನನ್ನ ಓಟು ಇದಕ್ಕೇ.

ಹ್ಯಾರಿಯೆಟ್‌ಗೆ ಹನ್ನೊಂದು ವರ್ಷ, ಇರೋದು ನ್ಯೂಯಾರ್ಕಲ್ಲಿ, ದೊಡ್ಡೋಳಾದ್ಮೇಲೆ ರೈಟರ್ ಆಗ್ತೀನಿ ಅಂತ ಈಗಲೇ ತೀರ್ಮಾನ ಮಾಡ್ಕೊಂಡಿದಾಳೆ. ಅದಕ್ಕೆ ಪ್ರಾಕ್ಟೀಸ್ ಅಂದ್ರೆ ಸ್ಕೂಲ್ ಮುಗಿಸ್ಕೊಂಡು ಅಕ್ಕಪಕ್ಕದ ಮನೆಗಳನ್ನ ಕದ್ದು ನೋಡೋದು, ಕಂಡಿದ್ದನ್ನೆಲ್ಲ ನೋಟ್‌ಬುಕ್ಕಲ್ಲಿ ಗೀಚೋದು. ಇಪ್ಪತ್ತಾರು ಬೆಕ್ಕು ಸಾಕ್ಕೊಂಡಿರೋ ಒಬ್ಬ ಮನುಷ್ಯ, ಹಾಸಿಗೆ ಬಿಟ್ಟು ಏಳದ ಒಬ್ಬ ಶ್ರೀಮಂತ ಹೆಂಗಸು, ದಿನಸಿ ಅಂಗಡಿ ನಡೆಸೋ ಒಂದು ಸಂಸಾರ, ಹೀಗೆ. ಆ ಹೆಂಗಸಿನ ಮನೇಲಿ ಸಾಮಾನು ಮೇಲಕ್ಕೆ ಸಾಗಿಸೋ ಪುಟ್ಟ ಲಿಫ್ಟ್ ಒಳಗೇ ಹೋಗಿ ಮುದುರಿ ಕೂತಿರ್ತಾಳೆ ಈ ಹುಡುಗಿ, ಸಿಕ್ಕಿನೂ ಬೀಳ್ತಾಳೆ.

ಅಸಲಿ ವಿಷಯ ಬರೋದು ಪಾರ್ಕಲ್ಲಿ. ಆಟ ಆಡೋ ಗಲಾಟೇಲಿ ನೋಟ್‌ಬುಕ್ ಬಿದ್ದೋಗುತ್ತೆ, ಹುಡುಕ್ಕೊಂಡು ಬಂದ್ರೆ ಇಡೀ ಕ್ಲಾಸು ಸುತ್ತ ನಿಂತಿದೆ, ಗೆಳತಿ ಜೇನಿ ಜೋರಾಗಿ ಓದ್ತಾ ಇದಾಳೆ. ಒಬ್ಬೊಬ್ಬರ ಬಗ್ಗೆ ಬರೆದಿದ್ದು ಅವರವರ ಕಿವಿಗೇ ಬೀಳ್ತಾ ಇದೆ! ವಿಜ್ಞಾನಿ ಆಗ್ತೀನಿ ಅಂತ ಓಡಾಡೋ ಜೇನಿಗೆ ಅದು ನಿಜವಾಗ್ಲೂ ಆಗೋ ಮಾತಾ ಅಂತ ಅನುಮಾನಪಟ್ಟಿದಾಳೆ, ಅಪ್ಪನ್ನ ತಾನೇ ನೋಡ್ಕೊಂಡು ಮನೆ ಖರ್ಚು ತೂಗಿಸೋ ಸ್ಪೋರ್ಟ್ ಅನ್ನೋ ಹುಡುಗನ್ನ ಮುದುಕಿ ತರ ಆಡ್ತಾನೆ ಅಂತ ಬರೆದಿದಾಳೆ. ಇವರಿಬ್ಬರೇ ಅವಳ ಜೀವದ ಗೆಳೆಯರು. ಆ ಪುಟಗಳನ್ನ ಓದ್ತಾ ನಂಗೇ ಮೈಯೆಲ್ಲಾ ಮುಳ್ಳಾಡಿದಂಗಾಯ್ತು.

ಬರೆದಿದ್ದು ಬೇರೆಯೋರ ಕೈಗೆ ಸಿಗೋ ಸೀನು ಇಂಥಾ ಪುಸ್ತಕಗಳಲ್ಲಿ ಹೊಸದೇನಲ್ಲ. ಲಿಟಲ್ ವುಮೆನ್‌ನಲ್ಲಿ ನಾಟಕಕ್ಕೆ ಕರ್ಕೊಂಡು ಹೋಗ್ಲಿಲ್ಲ ಅನ್ನೋ ಸಿಟ್ಟಿಗೆ ಏಮಿ ತನ್ನ ಅಕ್ಕ ಜೋ ಬರೆದಿದ್ದನ್ನೆಲ್ಲ ಬೆಂಕಿಗೆ ಹಾಕ್ತಾಳೆ, 2018ರ ದ ಪೊಯೆಟ್ ಎಕ್ಸ್‌ನಲ್ಲಿ ತಾಯೇ ಮಗಳ ಕವಿತೆ ನೋಟ್‌ಬುಕ್ ಸುಡ್ತಾಳೆ. ಎರಡೂ ಕಡೆ ನಮ್ಮ ಮನಸ್ಸು ತಕ್ಷಣ ಬರೆದವಳ ಕಡೆ ವಾಲುತ್ತೆ, ಯಾಕಂದ್ರೆ ಅನ್ಯಾಯ ಆಗಿರೋದು ಅವಳಿಗೇ. ಹ್ಯಾರಿಯೆಟ್‌ನಲ್ಲಿ ಅಷ್ಟು ಸಲೀಸಿಲ್ಲ ನೋಡಿ, ಖಾಸಗಿ ನೋಟ್‌ಬುಕ್ ಓದಿದ್ದು ತಪ್ಪು ಅಂತೀವಿ, ಆದ್ರೆ ಅದರಲ್ಲಿರೋ ಮಾತು ಚುಚ್ಚಿರೋದೂ ನಿಜ, ಅವಳು ಬರೆದಿದ್ದು ಪೂರ್ತಿ ಸುಳ್ಳೂ ಅಲ್ಲ, ಈಗ ಯಾರ ಪರ ನಿಲ್ಲೋದು? ಲೇಖಕಿ ಅದನ್ನ ಹೇಳೋಕೇ ಹೋಗಲ್ಲ. ಕ್ಲಾಸಿನೋರು ಇವಳ ಸ್ಯಾಂಡ್‌ವಿಚ್ ಕದೀತಾರೆ, ಮೈಮೇಲೆ ಇಂಕ್ ಚೆಲ್ತಾರೆ, ದೊಡ್ಡೋರು ನೋಟ್‌ಬುಕ್ಕೇ ಕಿತ್ಕೊಂಡ್ಬಿಡ್ತಾರೆ. ಆಗ ಅವಳಿಗೆ ಯೋಚನೆ ಮಾಡೋಕೇ ಬರಲ್ಲ, ಕೈಯಲ್ಲಿ ಪೆನ್ಸಿಲ್ ಇಲ್ಲದಿದ್ರೆ ತಲೆ ಓಡಲ್ಲ. ಬರೆಯೋ ಚಟ ಇರೋರಿಗೆ ಇದು ಚೆನ್ನಾಗಿ ಗೊತ್ತು. ಆಮೇಲೆ ಒಬ್ಬಳ ಡೆಸ್ಕೊಳಗೆ ಕಪ್ಪೆ ಬಿಡ್ತಾಳೆ, ಇನ್ನೊಬ್ಬಳ ಕೂದಲಿಗೆ ಕತ್ರಿ ಹಾಕ್ತಾಳೆ. ಪಾಪ ಅನ್ನೋಣ ಅಂದ್ರೆ ಬಿಡಲ್ಲ ಮಾರಾಯ್ತಿ.

ಇಡೀ ಪುಸ್ತಕದಲ್ಲಿ ನಂಗೆ ಹಿಡಿಸಿದ್ದು ಹ್ಯಾರಿಯೆಟ್‌ನ ಸಾಕಿದ ದಾದಿ ಓಲ್ ಗಾಲಿ ಬರೆಯೋ ಕಾಗದ. ಕ್ಷಮೆ ಕೇಳು, ಜೊತೆಗೆ ಸುಳ್ಳೂ ಹೇಳು ಅಂತಾಳೆ, ನಿನ್ನ ಹತ್ರ ನೀನು ಮಾತ್ರ ಸುಳ್ಳಾಡಬೇಡ ಅಂತಾಳೆ. ಮಕ್ಕಳ ಪುಸ್ತಕದಲ್ಲಿ ಹೀಗಾ ಅಂತ ಕೆಲವರು ಹುಬ್ಬೇರಿಸಬಹುದು. ಅದೇ ಕಾಗದದಲ್ಲಿ ಇನ್ನೊಂದು ಪೆಟ್ಟೂ ಇದೆ: ನಿಂಗೆ ಹನ್ನೊಂದು ವರ್ಷ ಆಯ್ತು, ಬರೀ ನೋಟ್ಸ್ ಬರ್ಕೊಂಡು ಕೂತಿದೀಯ, ಅದರಿಂದ ಒಂದು ಕಥೆ ಮಾಡಿ ಕಳಿಸು ಅನ್ನೋ ಅರ್ಥದಲ್ಲಿ. ಬರೀತೀನಿ ಬರೀತೀನಿ ಅಂತ ಡೈರಿ ತುಂಬಿಸೋ ಟೀನೇಜರ್‌ಗಳಿಗೆ ಇಷ್ಟು ನೇರವಾಗಿ ಹೇಳಿರೋ ಪುಸ್ತಕ ನಾನು ಬೇರೆ ಕಂಡಿಲ್ಲ.

ಕುಂದು ಇಲ್ಲ ಅಂತಲ್ಲ. ಪಾರ್ಕಿನ ಸೀನು ಬರೋವರೆಗೂ ಕಥೆ ಆಮೆ ನಡಿಗೆ, ಗೂಢಚಾರಿಕೆ ಭಾಗ ಇನ್ನೊಂದಿಷ್ಟು ಕತ್ತರಿಸಬಹುದಿತ್ತು. ಹ್ಯಾರಿಯೆಟ್ ಮನೋವೈದ್ಯರ ಹತ್ರ ಹೋಗೋ ಭಾಗಕ್ಕೆ ಆ ಕಾಲದ ವಾಸನೆ ಇದೆ. ಲೇಖಕಿಯೇ ಬಿಡಿಸಿರೋ ಚಿತ್ರಗಳು ಮಾತ್ರ ಸೂಪರ್, ಯಾರನ್ನೂ ಚೆಂದ ಮಾಡೋಕೆ ಹೋಗಿಲ್ಲ.

ಒಂಬತ್ತು ಹತ್ತು ವಯಸ್ಸಿಂದ ಮೇಲೆ ಕೊಡಬಹುದು, ಇಂಗ್ಲಿಷ್ ಸರಳವಾಗಿದೆ. ಇದರ ಮುಂದುವರಿಕೆ ದ ಲಾಂಗ್ ಸೀಕ್ರೆಟ್ 1965ರಲ್ಲಿ ಬಂತು, ಆದ್ರೆ ಅದು ಹ್ಯಾರಿಯೆಟ್ ಕ್ಲಾಸಿನ ಬೆತ್ ಎಲೆನ್ ಅನ್ನೋ ಮೆತ್ತಗಿನ ಹುಡುಗಿ ಕಥೆ, ಇವಳು ಅಲ್ಲಿ ಪಕ್ಕದ ಪಾತ್ರ. ಹ್ಯಾರಿಯೆಟ್‌ಗೋಸ್ಕರ ಅದನ್ನ ಎತ್ಕೊಂಡ್ರೆ ಸ್ವಲ್ಪ ನಿರಾಸೆ ಆಗುತ್ತೆ, ಈಗಲೇ ಹೇಳಿರ್ತೀನಿ.